ಮಾದರಿ ಗೆರೆ

ಇನ್ಸ್‌ಪೆಕ್ಟರು ಅಂದರೆ ಸಾಕು, ಬೀದಿಯವರಿಗೆ ಪೊಲೀಸರೇ ನೆನಪಾಗುವುದು. ಹೀಗಾಗಿ ನಮ್ಮ ಇನ್ಸ್‌ಪೆಕ್ಟರ ಮನೆಗೆ ಆಗಾಗ ಯಾರಾದರೂ ಬಂದು, ಎದುರುಮನೆಯವನು ನಮ್ಮ ಗೇಟಿನ ಮುಂದೆಯೇ ಕಾರು ನಿಲ್ಲಿಸುತ್ತಾನೆ, ಸ್ವಲ್ಪ ಗದರಿಸಿ ಎಂದು ಕೇಳಿಕೊಳ್ಳುವುದಿತ್ತು. ತಾನು ಸರ್ಕಾರದ ಹೆಲಿಕಾಪ್ಟರ್ ಸುರಕ್ಷತಾ ಇನ್ಸ್‌ಪೆಕ್ಟರು, ಗದರಿಸುವುದೇನಿದ್ದರೂ ನಟ್ಟು ಬೋಲ್ಟುಗಳನ್ನು ಮಾತ್ರ ಎಂದು ಅವರು ಇಪ್ಪತ್ತೆರಡು ವರ್ಷದಿಂದ ವಿವರಿಸುತ್ತ ಬಂದಿದ್ದರು. ಬೀದಿ ಇನ್ನೂ ನಂಬಿರಲಿಲ್ಲ.

ಹಾಗೆ ನೋಡಿದರೆ ಹೇಳಿಕೊಂಡು ಮೆರೆಯುವಂಥ ಕೆಲಸವೂ ಅದಲ್ಲ. ಕಚೇರಿಯ ಹಳೆಯ ಜೀಪಿನಲ್ಲಿ, ಹೆಲಿಕಾಪ್ಟರು ನಿಲ್ಲಿಸುವ ಒಂದು ಹ್ಯಾಂಗರಿನಿಂದ ಇನ್ನೊಂದು ಹ್ಯಾಂಗರಿಗೆ ಹೋಗುವುದು, ನಿಂತ ಹೆಲಿಕಾಪ್ಟರಿಗೆ ಸುತ್ತು ಹಾಕುವುದು, ನೂರ ಹನ್ನೆರಡು ಅಂಶಗಳ ಪಟ್ಟಿಗೆ ಒಂದೊಂದಾಗಿ ಟಿಕ್ ಹಾಕುವುದು. ಪಟ್ಟಿಯ ಮೊದಲನೆಯ ಅಂಶ, ಕೈಯಲ್ಲಿರುವ ಪಟ್ಟಿ ಇತ್ತೀಚಿನದೇ ಎಂದು ಖಚಿತಪಡಿಸಿಕೊಳ್ಳುವುದು. ಕೊನೆಯದು, ಎಲ್ಲ ಅಂಶಗಳಿಗೂ ಟಿಕ್ ಬಿದ್ದಿದೆಯೇ ಎಂದು ನೋಡುವುದು. ಇದನ್ನು ಬರೆದ ಪುಣ್ಯಾತ್ಮ ಯಾರೋ, ಅವನನ್ನು ಕಟ್ಟಿಕೊಂಡವಳ ಗತಿ ಏನೋ ಎಂದು ಇನ್ಸ್‌ಪೆಕ್ಟರ ಹೆಂಡತಿ ನಗುತ್ತಿದ್ದಳು.

ಆಕೆ ಕಟ್ಟಿಕೊಂಡದ್ದೂ ಅದೇ ಜಾತಿಯ ಮನುಷ್ಯನನ್ನೇ. ಮನೆಯಿಂದ ಹೊರಡುವಾಗ ಒಲೆಯ ಗುಬುಟು, ಹಿಂಬಾಗಿಲ ಚಿಲಕ, ಬಚ್ಚಲಿನ ನಲ್ಲಿ, ಒಂದೊಂದನ್ನೂ ಬೆರಳಿನಿಂದ ಮುಟ್ಟಿ, 'ಒಲೆ ಆರಿದೆ, ಚಿಲಕ ಬಿದ್ದಿದೆ, ನಲ್ಲಿ ನಿಂತಿದೆ' ಎಂದು ಗಟ್ಟಿಯಾಗಿ ಹೇಳದೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಬರೀ ನೋಡಿದರೆ ಸಾಲದು, ಮುಟ್ಟಿ ಬಾಯಲ್ಲಿ ಹೇಳಬೇಕು ಎಂದು ಅವರು ಮೆಕ್ಯಾನಿಕ್ಕುಗಳ ತರಗತಿಯಲ್ಲಿ ಪಾಠ ಮಾಡುತ್ತಿದ್ದರು. ಪಾಠ ಮಾಡಿದ್ದನ್ನು ತಾವೂ ಮಾಡುವ ಮೇಷ್ಟರು ಅಪರೂಪ, ಅದಕ್ಕೇ ಹ್ಯಾಂಗರಿನವರು ಅವರನ್ನು ಗೇಲಿ ಮಾಡುತ್ತಲೇ ಗೌರವಿಸುತ್ತಿದ್ದರು.

ಈ ಕಥೆಗೆ ಅವರ ಕೆಲಸದ ಒಂದು ಸಂಗತಿ ಗೊತ್ತಿದ್ದರೆ ಸಾಕು. ಹೆಲಿಕಾಪ್ಟರಿನಲ್ಲಿ ನಟ್ಟನ್ನು ಬಿಗಿದ ಮೇಲೆ ಮೆಕ್ಯಾನಿಕ್ಕು ಅದರ ಮೇಲೆ ಬಣ್ಣದ ಒಂದು ಗೆರೆ ಎಳೆಯುತ್ತಾನೆ. ಗೆರೆ ನಟ್ಟಿನ ಮೇಲೆ ಶುರುವಾಗಿ ಪಕ್ಕದ ಲೋಹದ ಮೇಲೆ ಇಳಿಯುತ್ತದೆ. ಮುಂದೆಂದಾದರೂ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಗೆರೆ ಕೂಡಿದ್ದರೆ ಯಂತ್ರ ಹಾರಬಹುದು, ಮುರಿದಿದ್ದರೆ ಹಾರಬಾರದು. ಎಣ್ಣೆ, ಧೂಳು, ಬಿಸಿಲು ತಾಗಿ ಈ ಗೆರೆಗಳು ತಿಂಗಳೊಪ್ಪತ್ತಿನಲ್ಲಿ ಮಾಸಿಹೋಗುತ್ತವೆ. ಮಾಸಿದರೂ ಅಡ್ಡಿಯಿಲ್ಲ, ಕೂಡಿರಬೇಕು ಅಷ್ಟೇ.

ಇನ್ಸ್‌ಪೆಕ್ಟರು ಇಂಥ ಗೆರೆಗಳನ್ನು ತಿಂಗಳಿಗೆ ಸಾವಿರವಾದರೂ ನೋಡುತ್ತಿದ್ದರು. ತಪ್ಪು ಕಂಡರೆ ಕಚೇರಿಯ ಫೋನಿನಲ್ಲಿ ಫೋಟೋ ತೆಗೆದು ಕಡತಕ್ಕೆ ಸೇರಿಸುವುದು ನಿಯಮ. ಒಳ್ಳೆಯದಕ್ಕೆ ನಿಯಮವಿರಲಿಲ್ಲ. ಯಾರೋ ಶ್ರದ್ಧೆಯಿಂದ ಮಾಡಿದ ಕೆಲಸ ಕಂಡರೆ ಅವರು ತಮ್ಮ ಸ್ವಂತ ಫೋನು ಹೊರತೆಗೆದು ಒಂದು ಫೋಟೋ ಹಿಡಿಯುತ್ತಿದ್ದರು. ತಿಂಗಳ ಮೊದಲ ಸೋಮವಾರದ ತರಗತಿಯಲ್ಲಿ ಅದನ್ನು ಗೋಡೆಗೆ ಹಾಕಿ, ಇದು ಮಾದರಿ, ಹೀಗಿರಬೇಕು ಎನ್ನುತ್ತಿದ್ದರು. ಸರ್ಕಾರಿ ಕೆಲಸದಲ್ಲಿ ಅವರು ತಮಗಾಗಿ ಇಟ್ಟುಕೊಂಡಿದ್ದ ಸಂತೋಷ ಅದೊಂದೇ.

ಅವರ ನೋಟಕ್ಕೆ ಒಳಪಟ್ಟ ಯಂತ್ರಗಳಲ್ಲಿ ಆಸ್ಪತ್ರೆಯ ಹೆಲಿಕಾಪ್ಟರೂ ಒಂದು. ರಸ್ತೆ ಸರಿಯಿಲ್ಲದ ಊರುಗಳಿಂದ ರೋಗಿಗಳನ್ನು ತರುವುದು ಅದರ ಕೆಲಸ. ಅದನ್ನು ಓಡಿಸುತ್ತಿದ್ದವನು ಚಿಕ್ಕ ಕ್ಯಾಪ್ಟನ್. ಅವನೇನೂ ಕುಳ್ಳನಲ್ಲ, ಅವನಿಗಿಂತ ಮುಂಚಿನ ಪೈಲಟ್ ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಎತ್ತರವಿದ್ದುದರಿಂದ ಇವನಿಗೆ ಆ ಹೆಸರು ಅಂಟಿಕೊಂಡಿತು. ಕೈಗಡಿಯಾರವನ್ನು ಬಲಗೈಗೆ, ಅದೂ ಮುಖ ಒಳಮಗ್ಗುಲಿಗೆ ಬರುವಂತೆ ಕಟ್ಟುತ್ತಿದ್ದ. ಇನ್ಸ್‌ಪೆಕ್ಟರು ಬಂದಾಗಲೆಲ್ಲ, ಇವತ್ತಾದರೂ ಒಂದು ತಪ್ಪು ಹುಡುಕಿ ಸಾರ್, ನನಗೂ ಒಂದು ದಿನ ರಜೆ ಸಿಗಲಿ ಎಂದು ಛೇಡಿಸುತ್ತಿದ್ದ.

ಆ ಹೆಲಿಕಾಪ್ಟರನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಬಿಗಿಯಣ್ಣ ಎನ್ನುತ್ತಿದ್ದರು. ನಟ್ಟು ತಿರುಗಿಸಿ ಮುಗಿಸಿದೊಡನೆ, ಪಕ್ಕದಲ್ಲಿ ಯಾರಿರಲಿ ಬಿಡಲಿ, 'ಬಿಗಿ' ಎಂದು ಗಟ್ಟಿಯಾಗಿ ಹೇಳುವುದು ಅವನ ಅಭ್ಯಾಸ. ಇನ್ಸ್‌ಪೆಕ್ಟರ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ ಶಿಷ್ಯ ಎಂದರೆ ಅವನೇ. ಶಿಷ್ಯ ಗುರುವಿಗಿಂತ ಮೂರು ವರ್ಷ ದೊಡ್ಡವನು.

ಐದು ವಾರದ ಹಿಂದೆ ಒಂದು ಬೆಳಿಗ್ಗೆ ಹೆಲಿಕಾಪ್ಟರು ರೋಗಿಯೊಬ್ಬನನ್ನು ತರಲು ಹೊರಟು, ಇಟ್ಟಿಗೆ ಗೂಡುಗಳ ಆಚೆಯ ಬಯಲಿನಲ್ಲಿ ಬುಗುರಿಯಂತೆ ತಿರುಗಿ ಬಿತ್ತು. ಚಿಕ್ಕ ಕ್ಯಾಪ್ಟನ್ನೂ ಅವನ ಜೊತೆಗಿದ್ದ ನರ್ಸಮ್ಮನೂ ಉಳಿಯಲಿಲ್ಲ.

ಇನ್ಸ್‌ಪೆಕ್ಟರು ಒಂದು ಗಂಟೆಯೊಳಗೆ ಅಲ್ಲಿದ್ದರು. ಚೂರುಗಳ ನಡುವೆ ಓಡಾಡಿ, ಅಳತೆ ತೆಗೆದು, ಬರೆದುಕೊಂಡು, ಬಾಲದ ಫ್ಯಾನಿನ ಭಾಗಗಳನ್ನು ಚೀಲಕ್ಕೆ ಹಾಕಿ ಸೀಲು ಹಾಕಿಸಿದರು. ಸಂಜೆ ಮನೆಗೆ ಬಂದು ಕಾಲು ತೊಳೆದು ಊಟ ಮಾಡಿ ಮಲಗಿದರು. ನಿದ್ದೆಯೂ ಬಂತು. ತಮಗೆ ಏನೂ ಅನ್ನಿಸುತ್ತಿಲ್ಲ ಎನ್ನುವುದು ಅವರಿಗೆ ಗೊತ್ತಾದದ್ದು ಮೂರನೆಯ ದಿನ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ತಡವಾದ ಬಸ್ಸಿಗೆ ಕಾಯುವಂತೆ ಅಳುವಿಗೆ ಕಾದರು. ಬರಲಿಲ್ಲ. ಚಹಾ ಬಿಸಿಯೋ ತಣ್ಣಗೋ ಗೊತ್ತಾಗುತ್ತಿರಲಿಲ್ಲ. ಹಿಂಬಾಗಿಲ ಚಿಲಕ ಮುಟ್ಟಿ, ಬಿದ್ದಿದೆ ಎಂದು ಹೇಳಿ, ಗೇಟಿನವರೆಗೆ ಹೋಗಿ, ಮುಟ್ಟಿದ ನೆನಪೇ ಬೆರಳಿನಲ್ಲಿಲ್ಲದೆ ವಾಪಸ್ಸು ಬರುತ್ತಿದ್ದರು. ಒಂದೊಂದು ದಿನ ಮೂರು ಸಲ. ಮೊದಮೊದಲು ಹೆಂಡತಿ ನಕ್ಕಳು, ಆಮೇಲೆ ನಗುವುದನ್ನು ಬಿಟ್ಟು ಗೇಟಿನ ಹತ್ತಿರ ನಿಂತು ತಾನೇ ಹೇಳತೊಡಗಿದಳು, ಬಿದ್ದಿದೆ ರೀ, ನಾನು ನೋಡಿದೆ, ಹೋಗಿ ಬನ್ನಿ ಎಂದು.

ಕಾರಣ ಸಿಗಲು ಹೆಚ್ಚು ದಿನ ಬೇಕಾಗಲಿಲ್ಲ. ಬಾಲದ ಫ್ಯಾನಿನ ಒಂದು ಕಡ್ಡಿಯನ್ನು ಹಿಡಿದಿಡುವ ಬೋಲ್ಟು, ಕಿರುಬೆರಳಿನ ಗಾತ್ರದ್ದು, ಕಳಚಿಕೊಂಡಿತ್ತು. ಅದರ ನಟ್ಟನ್ನು ಯಾರೋ ಬಿಚ್ಚಿದವರು ಮತ್ತೆ ಕೈಯಲ್ಲಷ್ಟೇ ತಿರುಗಿಸಿ ಬಿಟ್ಟಿದ್ದರು, ಸ್ಪ್ಯಾನರಿನಿಂದ ಬಿಗಿದಿರಲಿಲ್ಲ. ಹಾಗೆ ಬಿಟ್ಟ ಮೇಲೂ ಗೆರೆ ಎಳೆದಿದ್ದರು. ನಟ್ಟು ಕೆಲವು ದಿನ ಇದ್ದಲ್ಲೇ ಇದ್ದು, ಕೊನೆಯ ಹಾರಾಟದಲ್ಲಿ ತಿರುಗಿ ಬಿದ್ದಿತ್ತು. ಯಂತ್ರಕ್ಕೆ ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಲಾಗ್ ಪುಸ್ತಕದಲ್ಲಿ, ಬಿಚ್ಚಿದ್ದಕ್ಕೆ ಒಂದಕ್ಷರವೂ ಇರಲಿಲ್ಲ. ಹಾಗಾದರೆ ಬಿಚ್ಚಿದವರು ಯಾರು?

ಮೂವರ ತನಿಖಾ ಸಮಿತಿ ಕೂತಿತು. ಅಪಘಾತಕ್ಕೆ ಮೂರು ವಾರ ಮೊದಲು ಯಂತ್ರ ಬೇರೆ ಊರಿನ ದೊಡ್ಡ ವರ್ಕ್‌ಶಾಪಿಗೆ ಹೋಗಿ ಬಂದಿತ್ತು. ನಾವು ಆ ಬೋಲ್ಟನ್ನು ಮುಟ್ಟಿಯೇ ಇಲ್ಲ ಎಂದು ವರ್ಕ್‌ಶಾಪಿನವರು ಕೈ ತೊಳೆದುಕೊಂಡರು. ಅಲ್ಲಿಂದ ಬಂದ ಎರಡನೆಯ ದಿನ, ಅಂದರೆ ಹನ್ನೊಂದನೆಯ ತಾರೀಕು, ಇನ್ಸ್‌ಪೆಕ್ಟರು ತಪಾಸಣೆ ಮಾಡಿದ್ದರು. ಬಿಗಿಯಣ್ಣ ಆಗ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದ. ಅವನು ಕೆಲಸಕ್ಕೆ ಮರಳಿದ್ದು ಅಪಘಾತಕ್ಕೆ ಎಂಟು ದಿನ ಮುಂಚೆ.

ಸಮಿತಿಯ ಮುಂದೆ ಬಿಗಿಯಣ್ಣ ಹೇಳಿದ್ದು ಇಷ್ಟು. ತಾನು ಬಂದಾಗಲೇ ಆ ಗೆರೆ ಹೊಸದಾಗಿತ್ತು. ಇದನ್ನು ಯಾರು ಬಿಚ್ಚಿದರು ಎಂದು, ಯಂತ್ರ ತೊಳೆದು ಒರೆಸುವ ತನ್ನ ಸಹಾಯಕನನ್ನು ಕೇಳಿದ. ಅವನು, ಇನ್ಸ್‌ಪೆಕ್ಟರೇ ನೋಡಿ ಮೆಚ್ಚಿಕೊಂಡು ಹೋಗಿದ್ದಾರೆ ಅಣ್ಣ ಎಂದ. ಅವರೇ ನೋಡಿದ ಮೇಲೆ ತನ್ನದೇನು ಎಂದು ಸುಮ್ಮನಾದ. ಸಹಾಯಕ ಹಾಗೆ ಹೇಳಿದ ನೆನಪು ತನಗಿಲ್ಲ ಎಂದ. ಪಾಪ, ಅವನಿಗೂ ಕೆಲಸ ಬೇಕಲ್ಲ.

ಅಧ್ಯಕ್ಷರು ಇನ್ಸ್‌ಪೆಕ್ಟರ ಕಡೆ ತಿರುಗಿ, ನೀವು ನೋಡಿದ ದಿನ ಗೆರೆ ಹೇಗಿತ್ತು ಎಂದು ಕೇಳಿದರು. ಇನ್ಸ್‌ಪೆಕ್ಟರು ತಮ್ಮ ಪಟ್ಟಿ ತೆರೆದು ಅರವತ್ತನಾಲ್ಕನೆಯ ಅಂಶ ನೋಡಿದರು. ಟಿಕ್ ಇತ್ತು. ಸರಿಯಾಗಿತ್ತು ಎಂದರು. ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ, ನೆನಪಿಲ್ಲ, ಕೂಡಿತ್ತು ಎಂದರು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಅಷ್ಟು ಹೊತ್ತೂ ಬಿಗಿಯಣ್ಣ ಅವರ ಮುಖವನ್ನೇ ನೋಡುತ್ತಿದ್ದ. ಇನ್ಸ್‌ಪೆಕ್ಟರಿಗೆ ಏನೂ ಅನ್ನಿಸಲಿಲ್ಲ.

ಆಮೇಲಿನದು ಸಮಿತಿಗೆ ಸುಲಭವಾಯಿತು. ಹನ್ನೊಂದನೆಯ ತಾರೀಕು ಸರಿಯಿತ್ತು ಎಂದರೆ ಬಿಚ್ಚಿದ್ದು ಆಮೇಲೆ. ಆಮೇಲೆ ಯಂತ್ರಕ್ಕೆ ಸ್ಪ್ಯಾನರು ತಾಗಿಸಿದ್ದವನು ಬಿಗಿಯಣ್ಣನೊಬ್ಬನೇ. ಇಪ್ಪತ್ತು ವರ್ಷದಿಂದ 'ಬಿಗಿ' ಎನ್ನುತ್ತ ಬಂದವನ ತಲೆಗೇ ಸಡಿಲ ನಟ್ಟನ್ನು ಕಟ್ಟಿದರು. ಅವನನ್ನು ಸಸ್ಪೆಂಡ್ ಮಾಡಿದರು. ವರದಿ ಮಂಗಳವಾರ ಮೇಲಕ್ಕೆ ಹೋಗುವುದಿತ್ತು. ಹೋದರೆ ಅವನ ಲೈಸೆನ್ಸು ರದ್ದಾಗುತ್ತಿತ್ತು, ಇಬ್ಬರ ಸಾವಿಗೆ ಕಾರಣನಾದನೆಂದು ಪೊಲೀಸ್ ಕೇಸೂ ಆಗುತ್ತಿತ್ತು.

ಅದಕ್ಕೆ ಎರಡು ದಿನ ಮುಂಚೆ, ಭಾನುವಾರ ಮಧ್ಯಾಹ್ನ, ಇನ್ಸ್‌ಪೆಕ್ಟರು ಮನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಮೇಜಿನ ಇನ್ನೊಂದು ತುದಿ ಹೆಂಡತಿಯದು. ಹೊಸ ಬಟ್ಟೆ ಹೊಲಿಯುವುದು ಕಮ್ಮಿ, ಹಳೆಯದನ್ನು ಬಿಚ್ಚಿ ದೊಡ್ಡದು ಚಿಕ್ಕದು ಮಾಡಿಕೊಡುವುದೇ ಅವಳ ಹೆಚ್ಚಿನ ಕೆಲಸ. ಬೀದಿಯಲ್ಲಿ ಯಾರ ಸೊಂಟ ಯಾವ ವರ್ಷ ಎಷ್ಟು ಬೆಳೆಯಿತು ಎನ್ನುವುದು ಅವಳಿಗೆ ಬಾಯಿಪಾಠವಾಗಿತ್ತು. ಅವಳ ಅಪ್ಪ, ನಿವೃತ್ತ ಬಸ್ ಡ್ರೈವರ್, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಒರಗಿದ್ದರು.

ಮರುದಿನ ತಿಂಗಳ ಮೊದಲ ಸೋಮವಾರ. ಹಿಂದಿನ ತಿಂಗಳ ತರಗತಿ ಅಪಘಾತದ ಓಡಾಟದಲ್ಲಿ ನಿಂತುಹೋಗಿತ್ತು. ತರಗತಿಗೆಂದು ಇನ್ಸ್‌ಪೆಕ್ಟರು ಫೋನಿನ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದರು. ಒಂದು ಫೋಟೋಗೆ ಕೈ ನಿಂತಿತು. ಬಾಲದ ಭಾಗ, ನಾಲ್ಕೈದು ನಟ್ಟುಗಳು, ನಡುವಿನ ನಟ್ಟಿನ ಮೇಲೆ ಹಳದಿ ಗೆರೆ. ಸ್ಕೇಲು ಹಿಡಿದು ಎಳೆದ ಹಾಗೆ ನೇರ. ಯಾವ ಯಂತ್ರದ್ದು ಎಂದು ಅವರು ನೋಡಲೇ ಇಲ್ಲ, ಗೆರೆಯನ್ನಷ್ಟೇ ನೋಡಿದರು. ಬಹಳ ದಿನದ ಮೇಲೆ ಏನೋ ಒಂದು ಚೆನ್ನಾಗಿದೆ ಎಂದು ಅನ್ನಿಸಿದ್ದಕ್ಕೆ ಹೆಂಡತಿಗೂ ತೋರಿಸೋಣವೆನ್ನಿಸಿತು.

"ಇಲ್ನೋಡು. ಗೆರೆ ಅಂದ್ರೆ ಹೀಗಿರ್ಬೇಕು."

ಅವಳ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು. ಬಗ್ಗಿ ನೋಡಿದಳು. ಸೂಜಿಗಳನ್ನು ತೆಗೆಯದೆಯೇ ಹಲ್ಲಿನ ಸಂದಿಯಿಂದ ಕೇಳಿದಳು.

"ಇದೊಂದೇ ಯಾಕ್ರೀ ಹೊಸದು?"

"ಅಂದ್ರೆ?"

"ಉಳಿದಿದ್ದೆಲ್ಲಾ ಮಾಸಿವೆ, ಇದೊಂದು ಹೊಳೀತಿದೆ. ಯಾರೋ ಬಿಚ್ಚಿ ಮತ್ತೆ ಹಾಕಿದಾರೆ. ಹಳೇ ಪ್ಯಾಂಟಲ್ಲಿ ಒಂದು ಕಡೆ ಮಾತ್ರ ದಾರ ಹೊಸದಿದ್ರೆ ಗೊತ್ತಾಗಲ್ವಾ?" ಎಂದು ಹೇಳಿ ತನ್ನ ಕೆಲಸಕ್ಕೆ ಮರಳಿದಳು.

ಇನ್ಸ್‌ಪೆಕ್ಟರು ಫೋಟೋವನ್ನು ದೊಡ್ಡದು ಮಾಡಿದರು. ಸುತ್ತಲಿನ ಗೆರೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ನಡುವಿನದು ನಿನ್ನೆ ಮೊನ್ನೆ ಎಳೆದ ಹಳದಿ. ಕೆಳಗಿನ ಮೂಲೆಗೆ ಸರಿಸಿದರು. ಅಲ್ಲಿ ಸ್ಟೂಲನ್ನು ಹಿಡಿದ ಒಂದು ಕೈ, ಬಲಗೈ, ಮಣಿಕಟ್ಟಿನ ಒಳಮಗ್ಗುಲಿಗೆ ಗಡಿಯಾರದ ಮುಖ. ಫೋಟೋದ ತಾರೀಕು ನೋಡಿದರು. ಹನ್ನೊಂದು.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಕಡತ ಓದಿದಂತೆ ಆ ದಿನವೆಲ್ಲ ಸಾಲುಸಾಲಾಗಿ ನೆನಪಾಯಿತು. ಸ್ಟೂಲಿನ ಒಂದು ಕಾಲು ಅಲುಗುತ್ತಿತ್ತು, ಚಿಕ್ಕ ಕ್ಯಾಪ್ಟನ್ ಓಡಿ ಬಂದು ಹಿಡಿದುಕೊಂಡ. ನನ್ನ ಫೋಟೋನೂ ಒಂದು ತೆಗೀರಿ ಸಾರ್, ಮದುವೆ ಬ್ರೋಕರಿಗೆ ಕೊಡ್ತೀನಿ ಎಂದ. ತಾವು ಮೇಲಿನಿಂದಲೇ ಸಹಾಯಕನಿಗೆ ಕೂಗಿ ಹೇಳಿದರು, ಇದನ್ನು ಎಳೆದ ಕೈಗೆ ನಮಸ್ಕಾರ ಕಣಪ್ಪಾ ಎಂದು. ಮಾಸಿದ ಗೆರೆಗಳ ನಡುವೆ ಹೊಸ ಗೆರೆ ಇದ್ದರೆ ನಟ್ಟನ್ನು ಯಾರೋ ಬಿಚ್ಚಿದ್ದಾರೆ ಎಂದರ್ಥ. ಬಿಚ್ಚಿದ್ದರೆ ಲಾಗ್ ಪುಸ್ತಕದಲ್ಲಿ ಇರಬೇಕು. ಇಲ್ಲದಿದ್ದರೆ ಯಂತ್ರ ಅಲ್ಲೇ ನಿಲ್ಲಬೇಕು. ಎಲ್ಲ ಗೊತ್ತಿದ್ದವರೇ ಅವರು. ಆದರೆ ಆ ಹೊತ್ತು ಅವರು ತಪ್ಪು ಹುಡುಕುತ್ತಿರಲಿಲ್ಲ, ತರಗತಿಗೆ ಮಾದರಿ ಹುಡುಕುತ್ತಿದ್ದರು.

ಹೆಂಡತಿ ಮಶೀನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. ಏನಾಯಿತು ಎಂದು ಕೇಳಿದಳು. ಅವರು ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ಇದು ಆ ಹೆಲಿಕಾಪ್ಟರು. ಗೆರೆ ಹನ್ನೊಂದಕ್ಕೇ ಹೊಸದಾಗಿತ್ತು. ಬಿಗಿಯಣ್ಣ ಹೇಳಿದ್ದು ನಿಜ, ಬಿಚ್ಚಿದವರು ವರ್ಕ್‌ಶಾಪಿನವರೇ, ನಾನು ಅವತ್ತು ಒಂದು ಪುಸ್ತಕ ತೆರೆದು ನೋಡಿದ್ದರೆ ಆ ಇಬ್ಬರು ಇವತ್ತು ಇರುತ್ತಿದ್ದರು.

ಅವಳು ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ನಾಲ್ಕನೆಯದನ್ನು ಹಾಕಿದ ಮೇಲೆ ಮಾತಾಡಿದಳು.

"ನಾನು ಏನೂ ಹೇಳ್ಲೇ ಇಲ್ಲ ಅಂದ್ಕೊಳ್ಳಿ."

"ಹೇಳಾಯ್ತಲ್ಲ ಕಣೇ."

"ನಂಗೇನು ಗೊತ್ತಾಗುತ್ತೆ ನಟ್ಟು ಬೋಲ್ಟು? ಬಟ್ಟೆ ನೋಡೋ ಕಣ್ಣಲ್ಲಿ ಏನೋ ಅಂದೆ. ಅಳಿಸ್ಬಿಡಿ ಅದನ್ನ. ಯಾರು ಕೇಳ್ತಾರೆ?"

ಅವಳು ಕೆಟ್ಟವಳಲ್ಲ, ಹೆದರಿದ್ದಳು. ಗಂಡನ ಕೆಲಸ ಹೋಗುತ್ತದೆ, ಕೇಸು ಗಂಡನ ಮೇಲೆ ಬರುತ್ತದೆ, ಎಲ್ಲವೂ ಅವಳಿಗೆ ಒಂದೇ ಏಟಿಗೆ ಹೊಳೆದುಹೋಗಿತ್ತು. ಇನ್ಸ್‌ಪೆಕ್ಟರು ಫೋನನ್ನು ನೋಡಿದರು. ಅಳಿಸುವ ಗುರುತು ಫೋಟೋದ ಕೆಳಗೇ ಇತ್ತು, ಒಂದು ಬೆರಳಿನ ಕೆಲಸ. ಅಳಿಸಿದರೂ ತಮಗೆ ಏನೂ ಅನ್ನಿಸಲಿಕ್ಕಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಅದೊಂದೇ ಅವರಿಗೆ ಸ್ವಲ್ಪ ಭಯ ಹುಟ್ಟಿಸಿತು.

ಆಗ ಪೇಪರಿನ ಅಡಿಯಿಂದ ಮಾವನ ದನಿ ಬಂತು. ಅವರು ಎಷ್ಟು ಕೇಳಿಸಿಕೊಂಡಿದ್ದರೋ ದೇವರೇ ಬಲ್ಲ.

"ಮೂವತ್ತೊಂದು ವರ್ಷ ಬಸ್ ಓಡಿಸ್ದೆ ನಾನು. ಬೆಳಿಗ್ಗೆ ಡಿಪೋದವನು ಸರಿ ಇದೆ ಅಂತಿದ್ದ, ಹತ್ತಿ ಕೂರ್ತಿದ್ದೆ. ಒಂದು ದಿನಾನೂ ಬಗ್ಗಿ ನೋಡ್ಲಿಲ್ಲ. ಹಿಂದೆ ಐವತ್ತು ಜನ."

ಪೇಪರು ಮತ್ತೆ ಉಸಿರಿಗೆ ಏರಿಳಿಯತೊಡಗಿತು. ಗಂಡ ಹೆಂಡತಿ ಇಬ್ಬರೂ ಅದನ್ನೇ ನೋಡುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಹೋಗಿ ಅವರ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿದಳು.

ಸೋಮವಾರ ಇನ್ಸ್‌ಪೆಕ್ಟರು ತರಗತಿ ರದ್ದು ಮಾಡಿ, ಫೋಟೋದ ಎರಡು ಪ್ರತಿ ತೆಗೆಸಿಕೊಂಡು ಸಾಹೇಬರ ಕೋಣೆಗೆ ಹೋದರು. ಸಾಹೇಬರು ನಾಲ್ಕು ತಿಂಗಳಲ್ಲಿ ನಿವೃತ್ತರಾಗುವವರು. ಒಳ್ಳೆಯವರೇ. ಯಾರಿಗೂ ತೊಂದರೆಯಾಗದಂತೆ ದಿನ ದೂಡುವುದನ್ನು ಒಂದು ಕಲೆಯಂತೆ ರೂಢಿಸಿಕೊಂಡಿದ್ದರು. ಫೋಟೋವನ್ನು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

ಇದು ಕಚೇರಿಯ ಫೋನಿನದಲ್ಲ, ಹಾಗಾಗಿ ದಾಖಲೆಯಲ್ಲ ಎಂದು ಮೊದಲು ಹೇಳಿದರು. ಯಾರೂ ಕೇಳಿಲ್ಲ ಎಂದರು. ಸತ್ತವರು ಇದರಿಂದ ಎದ್ದು ಬರುವುದಿಲ್ಲ ಎಂದರು. ಮೆಕ್ಯಾನಿಕ್ಕಿಗೆ ಒಳ್ಳೆಯ ವಕೀಲನನ್ನು ಹಿಡಿದುಕೊಡೋಣ ಎಂದೂ ಹೇಳಿದರು. ಇನ್ಸ್‌ಪೆಕ್ಟರು ಎಲ್ಲದಕ್ಕೂ ತಲೆಯಾಡಿಸಿದರು, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಸಾಹೇಬರು ಪಟ್ಟಿ ತೆರೆದು ಅರವತ್ತನಾಲ್ಕನೆಯ ಅಂಶದ ಮೇಲೆ ಬೆರಳಿಟ್ಟರು. 'ಗೆರೆ ಕೂಡಿದೆಯೇ ನೋಡಿ' ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು, 'ಗೆರೆ ಹೊಸದಾಗಿದ್ದರೆ ಲಾಗ್ ಪುಸ್ತಕದೊಂದಿಗೆ ತಾಳೆ ನೋಡಿ.'

"ಎಂಟು ವರ್ಷದ ಹಿಂದೆ ಈ ಸಾಲು ಸೇರಿಸ್ಲೇಬೇಕು ಅಂತ ಹಟ ಹಿಡಿದವ್ರು ಯಾರು, ನೆನಪಿದ್ಯಾ?"

"ನಾನೇ ಸಾರ್."

"ಅದನ್ನೇ ಮೊದಲು ಕೇಳ್ತಾರೆ. ಗೊತ್ತಿಲ್ಲದೆ ಆಯ್ತು ಅನ್ನೋ ಹಾಗೂ ಇಲ್ಲ ನಿಮಗೆ."

ಇನ್ಸ್‌ಪೆಕ್ಟರು ಒಂದು ಬಿಳಿ ಹಾಳೆ ಕೇಳಿದರು. ಸಾಹೇಬರ ಮೇಜಿನ ಮೇಲೆಯೇ ಇಪ್ಪತ್ತು ಸಾಲು ಬರೆದು ರುಜು ಹಾಕಿ, ಒಂದು ಫೋಟೋವನ್ನು ಪಿನ್ ಮಾಡಿದರು. ಅಕ್ಷರ ಎಂದಿನಂತೆ ಗುಂಡಾಗಿತ್ತು. ಸಾಹೇಬರು ನಿಟ್ಟುಸಿರು ಬಿಟ್ಟು ಸ್ವೀಕೃತಿ ಸೀಲು ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರು ಜೀಪಿನ ಕೀಲಿ, ಕಚೇರಿಯ ಫೋನು, ಗುರುತಿನ ಚೀಟಿ ಒಪ್ಪಿಸಿ ಸಹಿ ಮಾಡಿದ್ದರು. ಮುಂದಿನ ಆದೇಶದವರೆಗೆ ಮನೆಯಲ್ಲಿರತಕ್ಕದ್ದು. ಕಚೇರಿಯ ಹೊರಗೆ ನಿಂತು ಬಸ್ಸು ಹಿಡಿದರು. ಮನೆಯ ಕಡೆಯದಲ್ಲ.

ಬಿಗಿಯಣ್ಣನ ಮನೆ ಎರಡನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅವನು ನೆಲದ ಮೇಲೆ ಪೇಪರು ಹಾಸಿ ನೆರೆಮನೆಯವರ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದ. ಇನ್ಸ್‌ಪೆಕ್ಟರನ್ನು ಕಂಡು ಎದ್ದು ನಿಂತ, ಕುರ್ಚಿ ಒರೆಸಿ ಕೊಟ್ಟ, ಚಹಾ ಮಾಡುವಂತೆ ಒಳಗೆ ಹೇಳಿದ. ಮುನಿಸೇನೂ ಕಾಣಲಿಲ್ಲ. ಮತ್ತೆ ಕೂತು ಒಂದು ಸ್ಕ್ರೂ ಬಿಗಿದ, ಸ್ಕ್ರೂಡ್ರೈವರು ಕೆಳಗಿಟ್ಟ, ಪುನಃ ಎತ್ತಿಕೊಂಡು ಅದೇ ಸ್ಕ್ರೂವನ್ನು ಬಿಗಿದ. ಮೂರನೆಯ ಸಲವೂ ಬಿಗಿದ. 'ಬಿಗಿ' ಎಂದು ಹೇಳಲಿಲ್ಲ.

ಇನ್ಸ್‌ಪೆಕ್ಟರು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ.

"ಒಳ್ಳೇದಾಯ್ತು ಸಾರ್ ನೀವೇ ಬಂದಿದ್ದು. ನಾಳೆ ನಾನೇ ಬರೋನಿದ್ದೆ."

"ಯಾಕೆ?"

"ಒಪ್ಕೊಂಡ್ಬಿಡೋಣ ಅಂತ." ಅವನು ಫ್ಯಾನಿನ ರೆಕ್ಕೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. "ಮೊದ್ಲು ನಾನು ಮುಟ್ಟಿಲ್ಲ ಅಂತ ಗ್ಯಾರಂಟಿ ಇತ್ತು ಸಾರ್. ಎಲ್ರೂ ನೀನೇ ಅಂದ್ರು. ನೀವೂ ಗೆರೆ ಸರಿ ಇತ್ತು ಅಂದ್ರಿ. ನೀವು ಸುಳ್ಳು ಹೇಳೋರಲ್ಲ. ದಿನಾ ಕೂತು ನೆನಪು ಮಾಡ್ಕೊಂಡೆ. ಈಗೀಗ ಬರ್ತಿದೆ ಸಾರ್ ನೆನಪು. ಸ್ಪ್ಯಾನರ್ ಕೈಯಲ್ಲಿದ್ದ ಹಾಗೆ, ಆ ನಟ್ಟು ಬಿಚ್ಚಿದ ಹಾಗೆ. ಗೆರೆ ಎಳೆದಿದ್ದೂ ಕಾಣುತ್ತೆ. ಬಿಗಿ ಅಂದಿದ್ದು ಮಾತ್ರ ನೆನಪಿಗೆ ಬರ್ತಿಲ್ಲ."

ಇನ್ಸ್‌ಪೆಕ್ಟರು ಜೇಬಿನಿಂದ ಫೋಟೋದ ಇನ್ನೊಂದು ಪ್ರತಿ ತೆಗೆದು ಕೊಟ್ಟರು. ಬಿಗಿಯಣ್ಣ ಕೈ ಒರೆಸಿಕೊಂಡು ತೆಗೆದುಕೊಂಡ. ಗೆರೆ ನೋಡಿದ. ಸುತ್ತಲಿನ ಮಾಸಿದ ಗೆರೆಗಳನ್ನು ನೋಡಿದ. ಮೂಲೆಯಲ್ಲಿದ್ದ ಕೈ ಕಂಡು ಅವನ ಉಸಿರು ಒಮ್ಮೆ ಸಿಕ್ಕಿಕೊಂಡಿತು. ಆಮೇಲೆ ಕೆಳಗಿನ ತಾರೀಕನ್ನು ಓದಿದ, ತುಟಿಯಾಡಿಸುತ್ತ ಎರಡು ಸಲ ಓದಿದ.

"ಹನ್ನೊಂದನೇ ತಾರೀಕು ನಾನು ಆಸ್ಪತ್ರೇಲಿದ್ದೆ."

"ಹೌದು."

"ಅವತ್ತೇ ಹೀಗಿತ್ತಾ ಸಾರ್?"

"ಅವತ್ತೇ ಹೀಗಿತ್ತು."

"ಹಾಗಾದ್ರೆ ನಾನಲ್ಲ."

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವನು ಅವಳ ಕಡೆ ತಿರುಗಿ, ನಾನಲ್ವಂತೆ ಕಣೇ, ನಾನಲ್ಲ ಎಂದ. ಐವತ್ತು ದಾಟಿದ ಗಂಡಸು, ಶಾಲೆಯಲ್ಲಿ ಪಾಸಾದ ಮಗುವಿನಂತೆ ಅದನ್ನೇ ಮತ್ತೆ ಮತ್ತೆ ಹೇಳಿದ. ಅವಳು ಒಂದು ಲೋಟವನ್ನು ಇನ್ಸ್‌ಪೆಕ್ಟರ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡೇ ಗೋಡೆಗೊರಗಿ ನೆಲಕ್ಕೆ ಕುಸಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇನ್ಸ್‌ಪೆಕ್ಟರು ಅವರಿಬ್ಬರನ್ನೂ ನೋಡುತ್ತ ಕೂತರು. ಒಬ್ಬ ಮನುಷ್ಯನಿಗೆ ಅವನ ನೆನಪನ್ನು ಹಿಂದಿರುಗಿಸಿ ಕೊಟ್ಟಿದ್ದೇನೆ ಎಂದು ತಿಳಿಯುತ್ತಿತ್ತು. ತಿಳಿಯುತ್ತಿತ್ತು ಅಷ್ಟೇ, ಅನ್ನಿಸುತ್ತಿರಲಿಲ್ಲ.

ಅಳು ಒಂದು ಹದಕ್ಕೆ ಬಂದ ಮೇಲೆ ಬಿಗಿಯಣ್ಣ ಕಣ್ಣೊರೆಸಿಕೊಂಡು, ಹಾಗಾದರೆ ಯಾರು ಸಾರ್ ಎಂದು ಕೇಳಿದ. ವರ್ಕ್‌ಶಾಪಿನವರು ಎಂದು ಹೇಳಿ ಸುಮ್ಮನಾಗಬಹುದಿತ್ತು. ಅದೂ ನಿಜವೇ.

"ಬಿಚ್ಚಿ ಬಿಗಿಯದೆ ಬಿಟ್ಟವ್ರು ವರ್ಕ್‌ಶಾಪಿನವ್ರು. ಕಣ್ಣೆದುರಿಗಿದ್ರೂ ಹಾರೋಕೆ ಬಿಟ್ಟವನು ನಾನು. ಬರೆದುಕೊಟ್ಟು ಬಂದಿದೀನಿ."

ಬಿಗಿಯಣ್ಣ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಫೋಟೋವನ್ನು ಫ್ಯಾನಿನ ಪಕ್ಕ ಪೇಪರಿನ ಮೇಲಿಟ್ಟು, ತೋರುಬೆರಳಿನಿಂದ ಆ ಹಳದಿ ಗೆರೆಯನ್ನು ಮೇಲಿನಿಂದ ಕೆಳಗೆ ಮುಟ್ಟಿದ. ಆಮೇಲೆ ತಲೆಯೆತ್ತಿ, ತರಗತಿಯಲ್ಲಿ ಅನುಮಾನ ಕೇಳುವ ವಿದ್ಯಾರ್ಥಿಯ ದನಿಯಲ್ಲಿ ಮೆಲ್ಲಗೆ ಕೇಳಿದ.

"ಅವತ್ತು ಇದನ್ನ ಮುಟ್ಟಿ ನೋಡಿದ್ರಾ ಸಾರ್?"

ಇನ್ಸ್‌ಪೆಕ್ಟರು ತಮ್ಮ ಬಲಗೈಯನ್ನು ನೋಡಿಕೊಂಡರು.

"ಇಲ್ಲ ಬಿಗಿಯಣ್ಣ. ಫೋಟೋ ತೆಗೀತಿದ್ದೆ."

ಹೇಳಿದ ಮೇಲೆಯೇ ಆ ಮಾತು ಅವರಿಗೆ ಕೇಳಿಸಿದ್ದು. ಲೋಟ ಸುಡುತ್ತಿದೆ ಎನ್ನುವುದೂ ಆಗಲೇ ಗೊತ್ತಾಯಿತು. ಅಂಗೈಯಿಂದ ಬಿಸಿ ಏರಿತು, ಅಲುಗುವ ಸ್ಟೂಲನ್ನು ಕೆಳಗೆ ಹಿಡಿದು ನಿಂತು ನಗುತ್ತಿದ್ದ ಹುಡುಗನ ಮುಖ ಐದು ವಾರದಲ್ಲಿ ಮೊದಲ ಸಲ ಕಣ್ಣ ಮುಂದೆ ಬಂತು. ಇನ್ಸ್‌ಪೆಕ್ಟರು ಬೇರೆಯವರ ಮನೆಯ ಕುರ್ಚಿಯಲ್ಲಿ ಕೂತು ದನಿ ತೆಗೆದು ಅತ್ತರು. ಚಹಾ ಬಿಳಿ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಬಿಗಿಯಣ್ಣ ಎದ್ದು ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲೋಟ ತೆಗೆದು ಪಕ್ಕಕ್ಕಿಟ್ಟ.